ಚಕ್ರಕ್ಕೆ ಕಟ್ಟಿದ ಟವೆಲ್

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ಈ ಸಮಯ ನೆನಪಿನಿಂದ ಹೇಳುತ್ತಿಲ್ಲ, ಕ್ಯಾಮೆರಾ ಬರೆದುಕೊಂಡದ್ದು. ಆ ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ: ಕೆರೆ ಏರಿಯ ಮೇಲೆ ತೂಬಿನ ಕಬ್ಬಿಣದ ಚಕ್ರ, ಹಿಂದೆ ನೀರು, ಮೇಲೆ ಬಿಳುಚಿದ ಆಕಾಶ. ಚಕ್ರದ ಮೇಲೆ ಏನೂ ಇಲ್ಲ. ಅದಕ್ಕಿಂತ ಒಂದು ನಿಮಿಷ ಮುಂಚೆ ತೆಗೆದ ಇನ್ನೊಂದು ಫೋಟೋ ಇದೆ. ಅದರಲ್ಲಿ ಅದೇ ಚಕ್ರಕ್ಕೆ ಕೆಂಪು ಅಂಚಿನ ಒಂದು ಹಳೆಯ ಟವೆಲ್ ಕಟ್ಟಿದೆ. ನಡುವಿನ ಒಂದು ನಿಮಿಷದಲ್ಲಿ ಅದನ್ನು ಬಿಚ್ಚಿದವಳು ನಾನು.

ಉಳಿದವರು ಮೂರು ನಲವತ್ತು ಎನ್ನುತ್ತಾರೆ. ನೀರು ನುಗ್ಗಿದ್ದು ಆಗ. ಆದರೆ ತಪ್ಪು ಕಣ್ಣಿಗೆ ಬೀಳುವ ಹೊತ್ತು ಬೇರೆ, ಹುಟ್ಟುವ ಹೊತ್ತು ಬೇರೆ. ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸವೇ ಆ ಎರಡರ ನಡುವಿನ ದಾರಿಯನ್ನು ಹಿಂದಕ್ಕೆ ನಡೆದು ಹುಡುಕುವುದು. ಹಾಗಾಗಿ ನನ್ನ ಮಟ್ಟಿಗೆ ಅದು ಮೂರು ಹನ್ನೆರಡು.

ನಾನು ವಿಡಿಯೋ ಗೇಮ್ ಪರೀಕ್ಷಿಸುತ್ತಿದ್ದೆ. ಕಣ್ಣು ಮತ್ತು ಮಣಿಕಟ್ಟು ಎರಡೂ ಸಾಕು ಎಂದ ಮೇಲೆ ಹೋದ ವರ್ಷ ಬಿಟ್ಟೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಫೋನ್ ಮಾಡುತ್ತಾರೆ. "ದಿನಾ ಆಟ ಆಡೋದೇ ಕೆಲಸ ಅಂತಲ್ಲ ಸುಮಕ್ಕ, ಪುಣ್ಯವಂತರು ನೀವು" ಎನ್ನುತ್ತಾರೆ. ಒಂದೇ ಬಾಗಿಲನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ತೆಗೆದು ಮುಚ್ಚಿ, ಮಾರನೆಯ ದಿನ ಎಡಗಡೆಯಿಂದ ಬಂದು ತೆಗೆದು ಮುಚ್ಚಿ, ಮೂರನೆಯ ದಿನ ಹಿಂದಕ್ಕೆ ನಡೆಯುತ್ತಾ ತೆಗೆದು ಮುಚ್ಚಿದ ಮೇಲೆ ಅವರು ಇದೇ ಮಾತನ್ನು ಹೇಳಲಿ, ನಾನು ಒಪ್ಪುತ್ತೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶಿಕಾರಿಪುರದಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ, ಕೆಲವು ವರ್ಷ ಟ್ಯೂಷನ್ ಹೇಳಿ, ಕೊನೆಗೆ ಶಿವಮೊಗ್ಗದಲ್ಲಿ ಶಾಲೆಗಳಿಗೆ ಪಾಠದ ಸಿ.ಡಿ. ಮಾಡುವ ಒಂದು ಪುಟ್ಟ ಕಚೇರಿಗೆ ಸೇರಿದೆ. ಕಾಗುಣಿತ ನೋಡುವುದಕ್ಕೆ ಎಂದು ನನ್ನನ್ನು ತೆಗೆದುಕೊಂಡಿದ್ದರು. ಎರಡನೆಯ ವಾರ, ಪ್ರಾಣಿಗಳ ಪಾಠದಲ್ಲಿ ಆನೆಯ ಮೇಲೆ ಮೂರು ಸಲ ಬೇಗ ಬೇಗ ಒತ್ತಿದರೆ ಕಂಪ್ಯೂಟರ್ ನಿಂತುಬಿಡುತ್ತದೆ ಎಂದು ನನಗೆ ಗೊತ್ತಾಯಿತು. ಹೆದರಿ ಹೆದರಿ ನಮ್ಮ ಮೇಲಧಿಕಾರಿ ಗುರುರಾಜ್ ಸರ್‌ಗೆ ಹೇಳಿದೆ.

"ಸರ್, ಕೆಟ್ಟೋಯ್ತು."

"ಕೆಟ್ಟೋಯ್ತು ಅಂದ್ರೆ ನನಗೇನ್ ತಿಳೀತೈತಮ್ಮ? ನಿಮ್ಮ ಕೈ ಏನು ಮಾಡ್ತು ಅದು ಹೇಳಿ."

ಅವತ್ತು ಅವರು ಒಂದು ನೋಟ್‌ಬುಕ್ ಕೊಟ್ಟು, ಮೊದಲ ಪುಟದಲ್ಲಿ ಮೂರು ಸಾಲು ಬರೆದುಕೊಟ್ಟರು. ನಾನು ಮಾಡಿದ್ದು. ಆಗಬೇಕಿದ್ದದ್ದು. ಆಗಿದ್ದು. ಇಷ್ಟೇ. ಯಾರದು ತಪ್ಪು ಎಂದು ಬರೆಯುವ ಹಾಗಿಲ್ಲ, ಯಾಕೆ ಮಾಡಿದೆ ಎಂದೂ ಬರೆಯುವ ಹಾಗಿಲ್ಲ. "ಕೈ ಏನು ಮಾಡ್ತು ಅಂತ ಮೊದಲು ಒಪ್ಕೊಳ್ಳಿ, ಉಳಿದದ್ದು ತಾನಾಗೇ ಸಿಗ್ತದೆ" ಎನ್ನುತ್ತಿದ್ದರು. ನೋಟ್‌ಬುಕ್ ಹೋಗಿ ಕಂಪ್ಯೂಟರಿನ ಪಟ್ಟಿ ಬಂತು, ಪಟ್ಟಿ ಹೋಗಿ ಈಗ ತಮ್ಮಷ್ಟಕ್ಕೇ ಸಾವಿರ ಸಲ ಗುಂಡಿ ಒತ್ತಿ ನೋಡುವ ಪ್ರೋಗ್ರಾಂಗಳು ಬಂದಿವೆ. ಆದರೂ ವರದಿ ಎಂದರೆ ಇವತ್ತಿಗೂ ಆ ಮೂರು ಸಾಲೇ.

ತಪ್ಪುಗಳನ್ನು ನಾನೂ ಬೇಕಾದಷ್ಟು ಮಾಡಿದ್ದೇನೆ. ಮೊಬೈಲ್ ಗೇಮ್‌ಗಳ ಕಾಲ ಬಂದಾಗ ಒಂದು ಒಗಟಿನ ಆಟಕ್ಕೆ ಎಲ್ಲಾ ಸರಿ ಇದೆ ಎಂದು ಸಹಿ ಹಾಕಿದೆ. ಸಣ್ಣ ಪರದೆಯ ಫೋನುಗಳಲ್ಲಿ ಕೊನೆಯ ಬಾಗಿಲು ಪರದೆಯ ಆಚೆಗೆ ಬೀಳುತ್ತಿತ್ತು. ನಾನು ನೋಡಿದ್ದು ಕಚೇರಿಯ ದೊಡ್ಡ ಫೋನಿನಲ್ಲಿ ಮಾತ್ರ. ಹಾವೇರಿ ಕಡೆಯ ಒಬ್ಬ ಮೇಷ್ಟ್ರು, "ನಿಮ್ಮ ಆಟದಿಂದ ಹೊರಗೆ ಬರಲು ದಾರಿಯೇ ಇಲ್ಲ, ಇದು ವೇದಾಂತವೋ ತಪ್ಪೋ ತಿಳಿಸಿ" ಎಂದು ಕಾಗದ ಬರೆದಿದ್ದರು. ತಪ್ಪು ಎಂದು ಉತ್ತರ ಬರೆದೆ. ಅದು ಸುಲಭವಾಗಿತ್ತು. ಆಟದೊಳಗಿನ ತಪ್ಪಿನಿಂದ ಯಾರಿಗೂ ಗಾಯವಾಗುವುದಿಲ್ಲ.

ನನ್ನ ಕೊನೆಯ ಕೆಲಸ ಶಿಕಾರಿಪುರದಲ್ಲೇ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಅದರ ಯಜಮಾನ ಪ್ರಸನ್ನ, ಸೊರಬದವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಚಿತ್ರ, ಪ್ರೋಗ್ರಾಂ ಎರಡೂ ಅವನದೇ. ಶಬ್ದದ ಕೆಲಸ ಜಡೆ ಊರಿನ ಸವಿತಾಳದು. ಮುರಿದು ನೋಡುವ ಕೆಲಸ ನನ್ನದು. ನಾನು ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಪ್ರಸನ್ನ, "ಬಂದ್ರು ನೋಡು ಸುಮಕ್ಕ, ಇವತ್ತು ಆಟದಲ್ಲಿ ಯಾವ ಗೋಡೆ ದಾಟ್ತಾರೋ" ಎಂದು ಸವಿತಾಳಿಗೆ ಹೇಳುತ್ತಿದ್ದ.

ನಾವು ಮಾಡುತ್ತಿದ್ದ ಆಟದ ಹೆಸರು 'ಕಡೇ ಗದ್ದೆ'. ಚಿಕ್ಕದು, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಅದರಲ್ಲಿ ಮಾತಿಲ್ಲ, ಶತ್ರುಗಳಿಲ್ಲ, ಅಂಕಗಳಿಲ್ಲ. ನೀವು ಒಂದು ಹಳೆಯ ಕೆರೆಯ ಏರಿಯ ಮೇಲೆ ನಿಂತಿರುತ್ತೀರಿ. ಮಂಜು ಇರುತ್ತದೆ, ಎಲ್ಲೋ ಒಂದು ಹಕ್ಕಿ ಕೂಗುತ್ತದೆ. ನಡೆಯುತ್ತಾ ಹೋದರೆ ತೂಬುಗಳು, ಕಾಲುವೆಗಳು, ಹಲಗೆ ಹಾಕಿದ ಗಂಡಿಗಳು ಒಂದೊಂದಾಗಿ ಸಿಗುತ್ತವೆ. ಯಾವುದನ್ನು ಯಾವಾಗ ತೆಗೆಯಬೇಕು ಎಂದು ನೋಡಿ ತಿಳಿದುಕೊಂಡು, ನೀರನ್ನು ಎಲ್ಲಕ್ಕಿಂತ ದೂರದ, ಕೊನೆಯ ಗದ್ದೆಗೆ ಮುಟ್ಟಿಸಬೇಕು. ಆಟ ಅಷ್ಟೇ. ನೀರು ಆ ಗದ್ದೆಯ ಬದುವನ್ನು ಮುಟ್ಟಿದಾಗ ಹಿಂದೆ ಒಂದೊಂದೇ ಮನೆಯಲ್ಲಿ ದೀಪ ಹತ್ತುತ್ತದೆ. ಮೊದಲ ಸಲ ನೋಡಿದಾಗ ತಕ್ಷಣ ಮೊದಲಿನಿಂದ ಇನ್ನೊಮ್ಮೆ ಆಡಿದ್ದೆ. ನೂರನೆಯ ಸಲಕ್ಕೆ, ಮೂರನೆಯ ಮನೆಯ ದೀಪ ಗೋಡೆಯ ಹೊರಗೆ ಹತ್ತುತ್ತಿದೆ ಎಂದು ವರದಿ ಬರೆದೆ.

ಆಟದ ಕೆರೆಗೆ ನಿಜವಾದ ಕೆರೆಯ ಕಲ್ಲು, ತುಕ್ಕು, ಶಬ್ದ ಬೇಕಿತ್ತು. ಸವಿತಾಳ ಊರಿನ ಕಡೆ ಒಂದು ಹಳೆಯ ಕೆರೆ ಇದೆ. ಊರಿನ ಹೆಸರು ಬೇಡ. ಏರಿಯ ಅಡಿಯಲ್ಲಿ ನೀರು ಹಾಯುವ ಕಲ್ಲಿನ ಮೋರಿ ಅಲ್ಲಿ ಎಷ್ಟು ದೊಡ್ಡದೆಂದರೆ, ತೂಬು ಮುಚ್ಚಿದಾಗ ಬಗ್ಗಿಕೊಂಡು ಒಳಗೆ ಹೋಗಬಹುದು. ಅದರೊಳಗೆ ನೀರು ತೊಟ್ಟಿಕ್ಕುವ ಶಬ್ದ ಸವಿತಾಳಿಗೆ ಬೇಕಾಗಿತ್ತು.

ಆ ಕೆರೆಗೆ ಇಬ್ಬರು ನೀರಗಂಟಿಗಳು. ಸರದಿಯ ಪ್ರಕಾರ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ಅವರ ಕೆಲಸ. ಮಧ್ಯಾಹ್ನ ಮೂರೂವರೆಯವರೆಗೆ ಹಾಲಪ್ಪ, ಆಮೇಲೆ ದೇವಕ್ಕ. ಗಂಡ ತೀರಿಕೊಂಡ ಮೇಲೆ ಅವನ ಸರದಿಯನ್ನು ದೇವಕ್ಕ ನಡೆಸಿಕೊಂಡು ಬಂದಿದ್ದರು. ನಾವು ಹೋದಾಗ ಹಾಲಪ್ಪ ಇದ್ದರು. ತೂಬು ಬಿಗಿಯಾಗಿ ಮುಚ್ಚಿದೆಯೇ ಎಂದು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಚಕ್ರಕ್ಕೆ ಬಿಗಿದು ಕಟ್ಟಿ, "ಈಗ ಹೋಗವ್ವ" ಎಂದು ಸವಿತಾಳನ್ನು ಕಳಿಸಿದರು. ಆಗ ಕಡೆಯ ಗದ್ದೆಯ ಯಾರೋ ಕಾಲುವೆ ಒಡೆದಿದೆ ಎಂದು ಕೂಗಿದರು. ಹಾಲಪ್ಪ ಅತ್ತ ಹೋದರು. ಪ್ರಸನ್ನ ಮೋರಿಯ ಬಾಯಲ್ಲಿ ನಿಂತಿದ್ದ. ನಾನು ಏರಿಯ ಮೇಲೆ ಫೋಟೋ ತೆಗೆಯುತ್ತಿದ್ದೆ.

ನನಗೆ ಟವೆಲ್ ಕಂಡದ್ದು ಅಡ್ಡಿಯಾಗಿ. ಇದು ನಮ್ಮ ಕಸುಬಿನವರಿಗೆ ಮಾತ್ರ ಅರ್ಥವಾಗುವ ಮಾತು. ಒಂದು ವಸ್ತುವನ್ನು ಆಟದೊಳಗೆ ಮತ್ತೆ ಕಟ್ಟಬೇಕಾದರೆ ಅದರ ಫೋಟೋ ಶುಚಿಯಾಗಿರಬೇಕು. ಮೇಲೆ ಬಿದ್ದ ಎಲೆ, ಹಗ್ಗ, ಚೀಲ ಎಲ್ಲವನ್ನೂ ತೆಗೆದು ಕ್ಲಿಕ್ಕಿಸಬೇಕು, ಇಲ್ಲದಿದ್ದರೆ ಪ್ರಸನ್ನ ಬೈಯುತ್ತಾನೆ. ಹಾಲಪ್ಪ ಅದನ್ನು ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬಿಸಿಲಿಗೆ ಒಣಗಲು ಹಾಕಿದರು ಎಂದುಕೊಂಡೆ. ಬಿಚ್ಚಿದೆ, ಅಂದವಾಗಿ ಮಡಿಸಿದೆ, ಹೆಗಲ ಚೀಲದೊಳಗೆ ಇಟ್ಟುಕೊಂಡೆ, ಫೋಟೋ ತೆಗೆದೆ. ಮತ್ತೆ ಕಟ್ಟೋಣ ಎಂದುಕೊಂಡವಳು, ನೂರು ಹೆಜ್ಜೆ ಆಚೆ ಕಲ್ಲುಕಟ್ಟಣೆಯ ಮೇಲೆ ಒಳ್ಳೆಯ ಬೆಳಕು ಬಿದ್ದಿದ್ದನ್ನು ಕಂಡು ಆ ಕಡೆ ನಡೆದೆ.

ಮೂರು ನಲವತ್ತಕ್ಕೆ ದೇವಕ್ಕ ಬಂದರು. ಚಕ್ರದ ಹತ್ತಿರ ನಿಂತರು, ಮೇಲೆ ಕೆಳಗೆ ನೋಡಿದರು, ಸೆರಗು ಸಿಕ್ಕಿಸಿಕೊಂಡು ತಿರುಗಿಸತೊಡಗಿದರು. ನಾನು ದೂರದಿಂದ ನೋಡಿದೆ. ನೋಡಿ ಏನು ಮಾಡಿದೆ? ಒಂದು ಫೋಟೋ ತೆಗೆದೆ. ಅವರ ಬೆನ್ನು ಬಾಗಿದ್ದ ರೀತಿ ಆಟಕ್ಕೆ ಚೆನ್ನಾಗಿರುತ್ತದೆ ಎನ್ನಿಸಿತು.

ಪ್ರಸನ್ನ ಬ್ಯಾಟರಿ ತರಲು ಕಾರಿಗೆ ಹೋಗಿದ್ದ. ತಿರುಗಿ ಬಂದವನ ಕೂಗು ಕೇಳಿದಾಗ ನನಗೆ ಅದು ಮನುಷ್ಯರ ಕೂಗು ಎಂದೇ ಅನ್ನಿಸಲಿಲ್ಲ.

"ನಿಲ್ಸ್ರೀ! ಒಳಗೆ ಸವಿತಾ ಅದಾಳೆ! ನಿಲ್ಸ್ರೀ!"

ನಾನು ಓಡಿದೆ. ದೇವಕ್ಕ "ಟವೆಲ್ ಇದ್ದಿಲ್ಲಲ್ರೀ, ಟವೆಲ್ ಇದ್ದಿಲ್ಲಲ್ರೀ" ಎನ್ನುತ್ತಾ ಹಿಂದಕ್ಕೆ ತಿರುಗಿಸುತ್ತಿದ್ದರು. ನಾನೂ ಕೈ ಹಾಕಿದೆ. ತೂಬನ್ನು ತೆಗೆಯಲು ಹದಿನಾಲ್ಕು ಸುತ್ತು ತಿರುಗಿಸಿದ್ದರು. ಮುಚ್ಚಲೂ ಹದಿನಾಲ್ಕೇ ಸುತ್ತು. ಅವಸರ ಎಂದು ಒಂದು ಸುತ್ತೂ ಕಡಿಮೆಯಾಗುವುದಿಲ್ಲ. ಆಮೇಲೆ ಎಷ್ಟೋ ರಾತ್ರಿ ಕನಸಿನಲ್ಲಿ ಅದೇ ಚಕ್ರ ತಿರುಗಿಸುತ್ತಾ ನನಗೆ ಎಚ್ಚರವಾಗುತ್ತಿದ್ದದ್ದು ಒಂಬತ್ತನೆಯ ಸುತ್ತಿನಲ್ಲಿ. ಅಲ್ಲಿ ತುಕ್ಕು ಹಿಡಿದು ಚಕ್ರ ಒಂದು ಕ್ಷಣ ನಿಂತಿತ್ತು.

ಸವಿತಾ ಬದುಕಿ ಬಂದಳು. ಮೊದಲೇ ಹೇಳಿಬಿಡುತ್ತೇನೆ, ಓದುವವರು ಉಸಿರು ಬಿಗಿ ಹಿಡಿಯುವುದು ಬೇಡ. ನೀರು ಅವಳ ಎದೆಯವರೆಗೆ ಏರಿ, ಮೋರಿಯ ತಿರುವಿನಲ್ಲಿ ಅವಳನ್ನು ಕಲ್ಲಿಗೆ ಬಡಿದು, ಹೊರಗಿನ ಕಾಲುವೆಗೆ ನೂಕಿತು. ಹಣೆ ಒಡೆದಿತ್ತು. ಎರಡೂ ಕೈಯಲ್ಲಿ ರೆಕಾರ್ಡರ್ ಎತ್ತಿ ಹಿಡಿದುಕೊಂಡೇ ಬಂದಳು. ಪ್ರಸನ್ನ ಅವಳನ್ನು ಎಳೆದು ದಂಡೆಯ ಮೇಲೆ ಮಲಗಿಸಿದ. ಅವಳ ಮೊದಲ ಮಾತು: "ಅದನ್ನ ಆಫ್ ಮಾಡ್ರೀ, ಇನ್ನೂ ರೆಕಾರ್ಡ್ ಆಗ್ತೈತೆ."

ಅವಳು ಯಾಕೆ ಬೇಗ ಹೊರಗೆ ಬರಲಿಲ್ಲ ಎಂದು ಕೇಳಿದೆವು. ಹೆಡ್‌ಫೋನಿನಲ್ಲಿ ತೂಬು ಏಳುವ ಕಿರುಗುಟ್ಟುವ ಶಬ್ದ ಅವಳಿಗೆ ಎಲ್ಲರಿಗಿಂತ ಮೊದಲೇ ಕೇಳಿತ್ತು. "ಅಂಥಾ ಶಬ್ದ ನಾನು ಹುಟ್ಟಿದಾಗಿಂದ ಕೇಳಿಲ್ಲ ಸುಮಕ್ಕ. ಇನ್ನೊಂದು ಸ್ವಲ್ಪ ಬರ್ಲಿ ಅಂತ ಕೂತೆ." ನಾನು ಫೋಟೋ ತೆಗೆದೆ, ಅವಳು ಕೂತಳು. ನಮ್ಮ ಕಸುಬು ನಮ್ಮನ್ನು ಎಂಥವರನ್ನಾಗಿ ಮಾಡುತ್ತದೆ ಎಂದು ಹೊಸಬರು ತಿಳಿದಿರಲಿ.

ಹಣೆಯ ರಕ್ತ ಒರೆಸಲು ನನ್ನ ಕೈಗೆ ಸಿಕ್ಕಿದ್ದು ಚೀಲದೊಳಗಿದ್ದ ಟವೆಲ್. ಅದನ್ನೇ ಒತ್ತಿ ಹಿಡಿದಿದ್ದೆ. ಅಷ್ಟರಲ್ಲಿ ಹಾಲಪ್ಪ ಗದ್ದೆಯ ಬದುವಿನ ಮೇಲೆ ಓಡುತ್ತಾ ಬಂದರು. ಸುತ್ತ ಹತ್ತು ಜನ ಸೇರಿದ್ದರು.

"ಟವೆಲ್ ಕಟ್ಟಿದ್ದೆ," ಎಂದರು ಹಾಲಪ್ಪ. "ನನ್ನ ಕೈಯಾರೆ ಕಟ್ಟಿದ್ದೆ."

"ಕಟ್ಟಿದ್ರೆ ಎಲ್ಲೈತೋ ಮಾರಾಯ? ಹಾರಿ ಹೋತಾ?" ಎಂದರು ಯಾರೋ.

ಆಗ ನನಗೆ ಅರ್ಥವಾಯಿತು. ಚಕ್ರಕ್ಕೆ ಬಟ್ಟೆ ಇದ್ದರೆ ಒಳಗೆ ಮನುಷ್ಯರಿದ್ದಾರೆ. ಕಟ್ಟಿದವರೇ ಬಂದು ಬಿಚ್ಚಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಆ ಊರಿನಲ್ಲಿ ಇದನ್ನು ಯಾರಿಗೂ ಯಾರೂ ಹೇಳಿಕೊಡುವುದಿಲ್ಲ, ನಡೆಯಲು ಕಲಿತ ಹಾಗೆ ಕಲಿತಿರುತ್ತಾರೆ. ನನ್ನ ಕೈಯಲ್ಲಿ ಟವೆಲ್ ಇತ್ತು, ಕೆಂಪು ಅಂಚು ಕೆಸರು ಮತ್ತು ರಕ್ತದಲ್ಲಿ ಕಾಣುತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಸವಿತಾಳನ್ನು ಕಾರಿನಲ್ಲಿ ಹಾಕಿಕೊಂಡು ಸೊರಬದ ಆಸ್ಪತ್ರೆಗೆ ಹೋದೆವು.

ಮೂರು ದಿನ ನಾನು ಬಾಯಿ ಬಿಡಲಿಲ್ಲ. ಟವೆಲನ್ನು ನಾಲ್ಕು ಸಲ ಒಗೆದೆ. ರಕ್ತ ಹೋಯಿತು, ಬೀಡಿ ಕಿಡಿ ಬಿದ್ದು ಆಗಿದ್ದ ಒಂದು ಸಣ್ಣ ತೂತು ಉಳಿಯಿತು. ನಮ್ಮ ಮನೆಯವರು ಅದು ಯಾರದೆಂದು ಕೇಳಿದರು. "ಆಫೀಸಿಂದು" ಎಂದೆ.

ನಾಲ್ಕನೆಯ ದಿನ ಪ್ರಸನ್ನ ಫೋನಿನಲ್ಲಿ ಯಾರೊಂದಿಗೋ ಮಾತಾಡಿ ಮುಖ ಸಣ್ಣ ಮಾಡಿಕೊಂಡು ಬಂದ. ಊರಿನ ಕೆರೆ ಸಮಿತಿ ಭಾನುವಾರ ಸೇರುತ್ತದಂತೆ. ಹಾಲಪ್ಪನಿಂದ ತೂಬಿನ ಹೊಣೆ ಕಿತ್ತುಕೊಳ್ಳುತ್ತಾರಂತೆ. "ಟವೆಲ್ ಕಟ್ಟದೇ ಸುಳ್ಳು ಹೇಳ್ತಾನೆ ಅಂತ ಎಲ್ರೂ ಮಾತಾಡ್ತಿದಾರೆ. ದೇವಕ್ಕಗೂ ಅವರಿಗೂ ಮಾತಿಲ್ವಂತೆ. ಅವರಪ್ಪನ ಕಾಲದಿಂದ ನಡೆಸಿದ್ದು ಅಕ್ಕ ಅದು. ಈಗ ಊರಲ್ಲಿ ತಲೆ ಎತ್ತಂಗಿಲ್ಲ."

ಅವತ್ತು ನಾನು ಮೇಜಿನ ಮುಂದೆ ಕೂತು, ಹಳೆಯ ಅಭ್ಯಾಸದಂತೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆದೆ. ಮೊದಲು ಪ್ರಸನ್ನನಿಗೆ ಕೊಟ್ಟೆ. ಅವನು ಓದಿ ಹಾಳೆಯನ್ನು ಮೇಜಿನ ಮೇಲಿಟ್ಟ. "ಕ್ಲೀನ್ ಫೋಟೋ ಬೇಕು ಅಂತ ದಿನಾ ತಲೆ ತಿಂದಿದ್ದು ನಾನೇ ಅಲ್ವಾ" ಎಂದ. "ಆ ಸಾಲು ವರದೀಲಿ ಇರಂಗಿಲ್ಲ ಪ್ರಸನ್ನ" ಎಂದೆ. ಸವಿತಾಳ ಮನೆಗೆ ಹೋಗಿ ಅವಳಿಗೂ ಕೊಟ್ಟೆ. ಅವಳ ಹಣೆಯ ಮೇಲೆ ಹೊಲಿಗೆಗಳಿದ್ದವು. ಅವಳು ಓದಿ, ಹಾಳೆ ಮಡಿಸಿ, ನನ್ನ ಕೈಗೇ ವಾಪಸು ಕೊಟ್ಟು, ಒಳಗೆ ಹೋಗಿಬಿಟ್ಟಳು. ಅವಳ ತಾಯಿ ಕಾಫಿ ತಂದಿಟ್ಟರು. ನಾನು ಕುಡಿಯದೆ ಎದ್ದು ಬಂದೆ.

ಭಾನುವಾರ ಶಾಲೆಯ ಜಗುಲಿಯ ಮೇಲೆ ಸಮಿತಿ ಸೇರಿತ್ತು. ಹಾಲಪ್ಪ ಒಂದು ಕಂಬಕ್ಕೆ, ದೇವಕ್ಕ ಇನ್ನೊಂದು ಕಂಬಕ್ಕೆ ಒರಗಿ ಕೂತಿದ್ದರು. ಹಾಲಪ್ಪನ ಹೆಗಲ ಮೇಲೆ ಟವೆಲ್ ಇರಲಿಲ್ಲ. ನಾನು ಎದ್ದು ನಿಂತು ಹಾಳೆ ಓದಿದೆ. 

"ನಾನು ಮಾಡಿದ್ದು: ಚಕ್ರಕ್ಕೆ ಹಾಲಪ್ಪ ಕಟ್ಟಿದ್ದ ಟವೆಲನ್ನು ಫೋಟೋಗಾಗಿ ಬಿಚ್ಚಿದೆ, ತಿರುಗಿ ಕಟ್ಟಲಿಲ್ಲ. ಆಗಬೇಕಿದ್ದದ್ದು: ಸವಿತಾ ಹೊರಬಂದ ಮೇಲೆ ಹಾಲಪ್ಪ ಬಂದು ಟವೆಲ್ ಬಿಚ್ಚಬೇಕಿತ್ತು, ಆಮೇಲೆ ದೇವಕ್ಕ ತೂಬು ತೆಗೆಯಬೇಕಿತ್ತು. ಆಗಿದ್ದು: ಟವೆಲ್ ಇಲ್ಲದ್ದನ್ನು ನೋಡಿ ದೇವಕ್ಕ ಸರಿಯಾಗಿಯೇ ತೂಬು ತೆಗೆದರು. ಒಳಗೆ ಸವಿತಾ ಇದ್ದಳು."

ಚೀಲದಿಂದ ಟವೆಲ್ ತೆಗೆದು ಮೇಜಿನ ಮೇಲಿಟ್ಟೆ.

ಸಮಿತಿಯ ಅಧ್ಯಕ್ಷರು ಅದನ್ನು ಎತ್ತಿ ತಿರುಗಿಸಿ ನೋಡಿ, "ಏನ್ರೀ ಮೇಡಂ, ಓದಿದೋರು ನೀವು" ಎಂದರು. ಅಷ್ಟಕ್ಕೇ ನಿಲ್ಲಿಸಿದರು. ಅದಕ್ಕಿಂತ ಹೆಚ್ಚು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಾಲಪ್ಪ ಎದ್ದು ಬಂದು ಟವೆಲ್ ತೆಗೆದುಕೊಂಡರು. ತೂತು ಹುಡುಕಿ ಬೆರಳಿಟ್ಟು ನೋಡಿದರು. ಹೆಗಲ ಮೇಲೆ ಹಾಕಿಕೊಂಡರು.

"ನಿಮ್ಮ ಕೈಯಾಗೇ ಕಂಡಿದ್ದೆನ್ರೀ ಅವತ್ತು," ಎಂದರು, ಬೇರೆಯವರಿಗೆ ಕೇಳದ ಹಾಗೆ. "ಹುಡುಗಿ ಹಣೆ ಒರಸ್ತಿದ್ರಿ. ಆಗ ಹೆಂಗ ಕೇಳ್ಲಿ, ಅದು ನಂದು ಕೊಡ್ರೀ ಅಂತ?"

"ಆಮೇಲಾದ್ರೂ ಹೇಳಬಹುದಿತ್ತಲ್ಲ. ಇಷ್ಟು ಜನ ನಿಮ್ಮನ್ನ ಸುಳ್ಳುಗಾರ ಅಂತಿದ್ರು."

"ನಾ ಹೇಳಿದ್ರೆ ನನ್ನ ಮಾತು ಆಗ್ತಿತ್ತು. ನೀವು ಹೇಳ್ತೀರಿ ಅಂತ ಕಾದೆ. ಇವತ್ತಿನ ತನಕ ಕಾಯೋಣ, ನೋಡೋಣ ಅಂತ."

ದೇವಕ್ಕ ತಮ್ಮ ಕಂಬದ ಹತ್ತಿರದಿಂದಲೇ ಜೋರಾಗಿ ಕೇಳಿದರು: "ಹಾಲಪ್ಪಾ, ನಾಳೆ ಮಧ್ಯಾಹ್ನ ಯಾವ ಕಡೆ ನೀರು ಬಿಡ್ಲಿ?" ಆರು ದಿನದ ನಂತರ ಅವರಿಬ್ಬರ ನಡುವಿನ ಮೊದಲ ಮಾತು ಅದು. ಜನ ನಕ್ಕರು. ಹಾಲಪ್ಪನ ಹೊಣೆ ಹಾಲಪ್ಪನಿಗೇ ಉಳಿಯಿತು.

ಸವಿತಾ ಎರಡು ವಾರ ಕೆಲಸಕ್ಕೆ ಬರಲಿಲ್ಲ. ಬಂದ ದಿನ ನನ್ನ ಮುಂದೆ ರೆಕಾರ್ಡರ್ ಇಟ್ಟು, "ಸುಮಕ್ಕ, ಹನ್ನೊಂದು ನಿಮಿಷ ಐತೆ. ಇದನ್ನ ಆಟದಾಗ ಹಾಕ್ತೀನಿ. ನೀವು ಕೇಳಬೇಕು, ಎಲ್ಲಾದ್ರೂ ಒಡೀತೈತಾ ಅಂತ ಪರೀಕ್ಷೆ ಮಾಡಬೇಕು" ಎಂದಳು.

"ನನ್ನ ಕೈಲಿ ಆಗಲ್ಲ ಸವಿತಾ."

"ನಾನು ಒಳಗಿದ್ದೆ, ನನಗೇ ಆಗೈತೆ. ನಿಮಗೇನ್ ಆಗಲ್ಲ? ಕೂತ್ಕೊಳ್ರೀ."

ಕ್ಷಮಿಸಿದೆ ಎಂದು ಅವಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಕೆಲಸ ಕೊಟ್ಟಳು. ತೂಬು ಏಳುವ ಆ ಕಿರುಗುಟ್ಟುವ ಶಬ್ದ, ನೀರಿನ ಮೊದಲ ಸದ್ದು, ದೂರದಲ್ಲಿ ಪ್ರಸನ್ನನ ಕೂಗು (ಅದನ್ನು ಆಮೇಲೆ ತೆಗೆದರು). ಮೊದಲ ಸಲ ಅರ್ಧಕ್ಕೆ ಹೆಡ್‌ಫೋನ್ ಕಿತ್ತುಹಾಕಿ ಬಚ್ಚಲಿಗೆ ಓಡಿದೆ. ಹತ್ತನೆಯ ಸಲ ಕೊನೆಯವರೆಗೆ ಕೇಳಿದೆ. ಐವತ್ತು ಸಲ ದಾಟಿದ ಮೇಲೆ ಒಂದು ಕಡೆ ಶಬ್ದ ಕತ್ತರಿಸಿದ ಹಾಗೆ ಆಗುತ್ತಿದೆ ಎಂದು ವರದಿ ಬರೆದೆ. ಈ ಕೆಲಸದ ಬೇಸರವನ್ನು ಎಲ್ಲರೂ ಬೈಯುತ್ತಾರೆ. ನನ್ನನ್ನು ಕಾಪಾಡಿದ್ದರಲ್ಲಿ ಅರ್ಧ ಪಾಲು ಆ ಬೇಸರದ್ದು. ಆದರೂ ಒಂಬತ್ತನೆಯ ಸುತ್ತಿಗೆ ಎಚ್ಚರವಾಗುವುದು ನಿಲ್ಲಲಿಲ್ಲ.

ಚಕ್ರಕ್ಕೆ ಕಟ್ಟಿದ ಬಟ್ಟೆ ಈಗ ಆಟದೊಳಗೆ ಬಂತು. ಮೂರನೆಯ ತೂಬಿನ ಬಳಿ ಹೋದರೆ ಚಕ್ರಕ್ಕೆ ಕೆಂಪು ಅಂಚಿನ ಬಟ್ಟೆ ಇರುತ್ತದೆ. ಕಿವಿಗೊಟ್ಟರೆ ಮೋರಿಯೊಳಗೆ ಯಾರೋ ಗುನುಗುವುದು ಕೇಳುತ್ತದೆ. ಬಟ್ಟೆ ಇರುವಾಗ ಚಕ್ರಕ್ಕೆ ಬೀಗ ಹಾಕಿಬಿಡೋಣ ಎಂದ ಪ್ರಸನ್ನ. ನಾನು ಒಪ್ಪಲಿಲ್ಲ.

"ನನಗೆ ಯಾರು ಬೀಗ ಹಾಕಿದ್ರು? ಬಿಚ್ಚೋದಕ್ಕೆ ಬರೋ ಹಾಗೇ ಇರ್ಲಿ. ಬಿಚ್ಚಿ ತಿರುಗಿಸಿದ್ರೆ ಗುನುಗು ನಿಲ್ಲಬೇಕು. ಅಷ್ಟೇ. ಮತ್ತೇನೂ ತೋರಿಸಬೇಡ."

ಗುನುಗು ನಿಂತ ಮೇಲಿನ ಆ ಮೌನವನ್ನು ಪರೀಕ್ಷಿಸುವುದು ನನ್ನ ಜೀವನದ ಅತಿ ಕಷ್ಟದ ಕೆಲಸವಾಗಿತ್ತು. ಆ ಒಗಟಿಗೆ ಸರಿಯಾದ ಉತ್ತರ ಏನೆಂದರೆ, ಆಡುವವರು ಏರಿಯಿಂದ ಇಳಿದು ಹೋಗಿ, ಮೋರಿಯ ಬಾಯಿಂದ ಕೂಗಿ, ಒಳಗಿದ್ದವರನ್ನು ಹೊರಗೆ ಕರೆಯಬೇಕು. ನಾನು ಬಿಚ್ಚಿ ನೋಡಿದೆ, ಬಿಚ್ಚದೆ ನೋಡಿದೆ, ಕೂಗಿ ಓಡಿ ನೋಡಿದೆ, ಅರ್ಧ ಬಿಚ್ಚಿ ಹಿಂದೆ ಬಂದೆ. ಪ್ರೋಗ್ರಾಂ ತಾನೇ ಸಾವಿರ ಸಲ ಗುಂಡಿ ಒತ್ತಿತು. ಎಲ್ಲಾ ಸರಿ ಇದೆ ಎಂದು ಬರೆದು ಸಹಿ ಹಾಕಿದೆ.

ಹೊರಗಿನವರಿಗೆ ತೋರಿಸುವ ಮುನ್ನ ಹಾಲಪ್ಪನನ್ನೂ ದೇವಕ್ಕನನ್ನೂ ಕರೆಸಬೇಕು ಎಂದದ್ದು ಸವಿತಾ. ಇಬ್ಬರೂ ಒಂದು ಗುರುವಾರ ಬೆಳಗಿನ ಬಸ್ಸಿಗೆ ಬಂದರು. ಹಾಲಪ್ಪ ಆಟ ಆಡುವ ಕಂಟ್ರೋಲರ್ ಮುಟ್ಟಲು ಒಪ್ಪಲಿಲ್ಲ. ದೇವಕ್ಕ ಕನ್ನಡಕ ಹಾಕಿಕೊಂಡು ಕೂತರು. ಮೊದಲು ಹತ್ತು ನಿಮಿಷ ಆಕಾಶ ನೋಡುತ್ತಾ ತಿರುಗಿದರು. ಆಮೇಲೆ ಕೈ ಹತ್ತಿತು. ಮೊದಲ ಎರಡು ತೂಬನ್ನು ನಮ್ಮಲ್ಲಿ ಯಾರೂ ತೆಗೆಯದಷ್ಟು ಬೇಗ ತೆಗೆದರು.

"ನೀರು ಹಿಂಗ ಹರಿಯಂಗಿಲ್ಲಪ್ಪ," ಎಂದರು ಪ್ರಸನ್ನನಿಗೆ. "ಕಸ ತಳ್ಕೊಂಡು ಮುಂದ ಹೋಗ್ತೈತಿ. ನಿನ್ನ ನೀರಿಗೆ ಮೈಮ್ಯಾಲೆ ಒಂದು ಕಡ್ಡಿ ಇಲ್ಲ."

ಮೂರನೆಯ ತೂಬಿಗೆ ಬಂದರು. ಬಟ್ಟೆ ಕಂಡರು. ನಾನು ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ದೇವಕ್ಕ ಕಂಟ್ರೋಲರನ್ನು ಮಡಿಲಲ್ಲಿಟ್ಟು, ಕೈ ಕಟ್ಟಿ ಕೂತರು.

ಒಂದು ನಿಮಿಷ ಹೋಯಿತು. ಎರಡು ಹೋಯಿತು.

"ಏನಾಯ್ತು ದೇವಕ್ಕ? ಆಡ್ರೀ" ಎಂದ ಪ್ರಸನ್ನ.

"ಆಡಾದೇನು? ಬಟ್ಟೆ ಐತಲ್ಲ."

"ಹೌದು, ಅದಕ್ಕೆ ಏನಾದ್ರೂ ಮಾಡಬೇಕು ಈಗ."

"ಮಾಡಬಾರದಪ್ಪ. ಕಟ್ಟಿದೋರು ಬಂದು ಬಿಚ್ತಾರೆ. ಕೂತ್ಕ."

ಏಳು ನಿಮಿಷ ಕೂತರು. ಪರದೆಯ ಮೇಲೆ ಮಂಜು ಸರಿಯುತ್ತಿತ್ತು, ಒಳಗೆ ಗುನುಗು ಕೇಳುತ್ತಿತ್ತು. ಹಾಲಪ್ಪ ತಲೆ ಆಡಿಸುತ್ತಿದ್ದರು. ಯಾರೂ ಬಂದು ಬಿಚ್ಚಲಿಲ್ಲ, ಏಕೆಂದರೆ ಬಂದು ಬಿಚ್ಚುವವರನ್ನು ನಾವು ಮಾಡಿರಲೇ ಇಲ್ಲ. ಸುಮ್ಮನೆ ಕೂತು ಕಾಯುವವರು ಇರಬಹುದು ಎಂದು ನಮಗೆ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮಾಡಬಾರದ್ದನ್ನೆಲ್ಲಾ ಮಾಡಿ ನೋಡಿದ್ದೆ. ಏನೂ ಮಾಡದೆ ಕೂರುವುದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಸಾವಿರ ಸಲ ಒತ್ತುವ ಪ್ರೋಗ್ರಾಂಗೂ ಅದು ಬರುವುದಿಲ್ಲ.

ಅವರನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಬಂದು ವರದಿ ಬರೆದೆ. ದೇವಕ್ಕ ಮಾಡಿದ್ದು: ಕಾದರು. ಆಗಬೇಕಿದ್ದದ್ದು: ಕಟ್ಟಿದವರು ಬರಬೇಕಿತ್ತು. ಆಗಿದ್ದು: ಬರಲಿಲ್ಲ.

ಪ್ರಸನ್ನ ಹತ್ತು ದಿನ ತೆಗೆದುಕೊಂಡ. ಹನ್ನೊಂದನೆಯ ದಿನ ಸೋಮವಾರ ಸಂಜೆ ನನ್ನನ್ನು ಕರೆದು ಕೂರಿಸಿ, "ಮುರಿದು ತೋರ್ಸ್ರೀ ಸುಮಕ್ಕ" ಎಂದ. ನಾನು ಮೂರನೆಯ ತೂಬಿನ ತನಕ ನಡೆದೆ. ಕಂಟ್ರೋಲರನ್ನು ಮಡಿಲಲ್ಲಿಟ್ಟು ಕೈ ಕಟ್ಟಿದೆ. ಕೈ ಚಕ್ರದ ಕಡೆ ಹೋಗಬೇಕು ಎಂದು ತವಕಿಸುತ್ತಿತ್ತು. ಗುನುಗು ಹತ್ತಿರವಾಯಿತು. ಏರಿಯ ಕೆಳಗಿನಿಂದ ಒಬ್ಬ ಮನುಷ್ಯ ಮೊಣಕಾಲ ತನಕ ಒದ್ದೆಯಾಗಿ ಹತ್ತಿ ಬಂದ. ಬಟ್ಟೆ ಬಿಚ್ಚಿದ, ಒಮ್ಮೆ ಕೊಡವಿದ, ಹೆಗಲ ಮೇಲೆ ಹಾಕಿಕೊಂಡ, ಚಕ್ರವನ್ನು ನನಗೆ ಬಿಟ್ಟು ಪಕ್ಕಕ್ಕೆ ನಿಂತ. ಬಟ್ಟೆಯ ಮೂಲೆಯಲ್ಲಿ ಒಂದು ಸಣ್ಣ ತೂತಿತ್ತು. ಸವಿತಾ ಹೇಳಿ ಹಾಕಿಸಿದ್ದಂತೆ.

ನಾನು ಚಕ್ರ ತಿರುಗಿಸಿದೆ. ಸವಿತಾ ಮೋರಿಯೊಳಗೆ ಕೂತು ಹಿಡಿದು ತಂದ ಶಬ್ದ ಎದ್ದಿತು. ಒಂಬತ್ತನೆಯ ಸುತ್ತಿನಲ್ಲಿ ಚಕ್ರ ಒಂದು ಕ್ಷಣ ನಿಂತು ಮುಂದೆ ಹೋಯಿತು. ನೀರು, ಮೇಲೆ ಒಂದಿಷ್ಟು ಕಸಕಡ್ಡಿ ತಳ್ಳಿಕೊಂಡು, ಕಡೇ ಗದ್ದೆಯ ಕಡೆ ಹೊರಟಿತು.

"ಏನಾದ್ರೂ ಸಿಕ್ತಾ ಅಕ್ಕ?" ಎಂದ ಪ್ರಸನ್ನ.

"ಏನೂ ಇಲ್ಲ," ಎಂದೆ. ಸಹಿ ಹಾಕಿದೆ.

ಮನೆಗೆ ಬಂದು ಅನ್ನ ಸಾರು ಉಂಡು ಮಲಗಿದೆ. ನಡುವೆ ಎಚ್ಚರವಾಗಲಿಲ್ಲ, ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಹಾಲಿನವರು ಬಂದು ಹೋಗಿದ್ದರು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಏಳ್ತೀಯೋ ಇಲ್ವೋ ಮಾರಾಯ್ತಿ? ಮೂರು ಸಲ ಕರೆದೆ" ಎಂದರು. ಅವತ್ತು ಮಂಗಳವಾರ.